ಕೆರೆ ಏರಿಯ ಮೇಲೆ ಬರೆದ ಲೆಕ್ಕ

ಬೆಳಗಿನ ಆರು ಗಂಟೆಗೆ ಹರಿಗೋಲುಗಳು ದಡ ಮುಟ್ಟುತ್ತವೆ. ರಾತ್ರಿ ಬಿಟ್ಟ ಬಲೆ ಎಳೆದು, ಕಾಟ್ಲಾ, ರೋಹು ಬಿಡಿಸಿ ಬುಟ್ಟಿಗೆ ಹಾಕುವಷ್ಟರಲ್ಲಿ ವ್ಯಾಪಾರಿಯ ಲಗೇಜ್ ಆಟೊ ಏರಿಯ ಮೇಲೆ ಬಂದು ನಿಂತಿರುತ್ತದೆ. ಮುಂದಿನ ಅರ್ಧ ಗಂಟೆಯಲ್ಲಿ ನಡೆಯುವುದನ್ನು ನೋಡಿದರೆ ಸಾಕು, ಆ ಊರಿನ ಮೀನುಗಾರರ ಸಹಕಾರ ಸಂಘ ಹೇಗಿದೆ ಎಂದು ಹೇಳಿಬಿಡಬಹುದು. ತಕ್ಕಡಿ ಯಾರದು? ತೂಕ ಕೂಗುವವರು ಯಾರು? ಬರೆದುಕೊಳ್ಳುವವರು ಯಾರು? ಬರೆದದ್ದನ್ನು ಮೀನು ಹಿಡಿದವನಿಗೆ ತೋರಿಸುತ್ತಾರೋ ಇಲ್ಲವೋ?

ಕೆಲವು ವರ್ಷ ನಾನು ಇಂಥದೊಂದು ಸಂಘದ ಲೆಕ್ಕ ಬರೆದಿದ್ದೇನೆ. ಪೇಟೆಯಲ್ಲಿದ್ದ ಕಚೇರಿಯಲ್ಲಿ ಬೀರು, ಫೈಲು, ಮೊಹರು, ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಪಟಗಳು ಎಲ್ಲವೂ ಇದ್ದವು. ಏರಿಯ ಮೇಲೆ ಮಾತ್ರ ಒಂದು ನೋಟ್‌ಬುಕ್ಕೂ ಇರಲಿಲ್ಲ. ಮೀನಿನ ಲೆಕ್ಕ ವ್ಯಾಪಾರಿಯ ಜೇಬಿನ ಚೀಟಿಯಲ್ಲಿ ಹುಟ್ಟಿ, ವಾರದ ಮೇಲೆ ಕಚೇರಿಗೆ ಬರುತ್ತಿತ್ತು. ಅಲ್ಲಿಗೆ ಬಂದ ಅಂಕಿಯನ್ನು ಎಷ್ಟು ಚೆಂದವಾಗಿ ರೋಜು ಕಿರ್ದಿಗೆ ಇಳಿಸಿದರೂ ಅದು ವ್ಯಾಪಾರಿಯ ಅಂಕಿಯೇ ಹೊರತು ಸಂಘದ್ದಲ್ಲ. ಕೆರೆ ಸಂಘವೊಂದು ಹೇಗೆ ನಡೆಯುತ್ತದೆ, ಅದರ ಸದಸ್ಯರು ಎಲ್ಲೆಲ್ಲಿ ಎಚ್ಚರವಾಗಿರಬೇಕು ಎನ್ನುವುದನ್ನು ಆ ಅನುಭವದಿಂದಲೇ ಹೇಳುತ್ತಿದ್ದೇನೆ.

ಪಾಶುವಾರು ಎಂಬ ಹಕ್ಕು

ಕೆರೆಯ ನೀರು ಅಚ್ಚುಕಟ್ಟಿನ ರೈತರಿಗೆ ಸೇರಿದ್ದು. ಅದರಲ್ಲಿ ಮೀನು ಬೆಳೆಸಿ ಹಿಡಿಯುವ ಹಕ್ಕು ಬೇರೆ. ಸರ್ಕಾರಿ ಕಾಗದಗಳಲ್ಲಿ ಅದಕ್ಕೆ ‘ಮೀನು ಪಾಶುವಾರು ಹಕ್ಕು’ ಎನ್ನುತ್ತಾರೆ. ದೊಡ್ಡ ಕೆರೆ ಮತ್ತು ಜಲಾಶಯಗಳ ಪಾಶುವಾರನ್ನು ಮೀನುಗಾರಿಕೆ ಇಲಾಖೆ ವಿಲೇವಾರಿ ಮಾಡುತ್ತದೆ, ಸಣ್ಣ ಕೆರೆಗಳದ್ದು ಗ್ರಾಮ ಪಂಚಾಯಿತಿಯ ಕೈಯಲ್ಲಿದೆ. ನೋಂದಾಯಿತ ಮೀನುಗಾರರ ಸಂಘಕ್ಕೆ ಗುತ್ತಿಗೆಯಲ್ಲಿ ಆದ್ಯತೆ ಸಿಗುತ್ತದೆ. ಸಂಘ ಮುಂದೆ ಬರದಿದ್ದರೆ ಅಥವಾ ಬಾಕಿ ಉಳಿಸಿಕೊಂಡಿದ್ದರೆ ಆ ಕೆರೆ ಟೆಂಡರ್ ಕಂ ಹರಾಜಿಗೆ ಹೋಗುತ್ತದೆ. ಗುತ್ತಿಗೆ ಸಾಮಾನ್ಯವಾಗಿ ಐದು ವರ್ಷಕ್ಕೆ, ಹಣ ಕಟ್ಟುವುದು ವರ್ಷ ವರ್ಷ.

ಹೊಸ ಕಾರ್ಯದರ್ಶಿಗಳು ಎಡವುವುದು ಇಲ್ಲೇ. ಗುತ್ತಿಗೆ ಲೆಕ್ಕ ನಡೆಯುವುದು ಫಸಲಿ ವರ್ಷದ ಮೇಲೆ, ಅಂದರೆ ಜುಲೈ ಒಂದರಿಂದ ಜೂನ್ 30ರವರೆಗೆ. ಸಂಘದ ಜಮಾಖರ್ಚಿನ ವರ್ಷವೋ ಏಪ್ರಿಲ್‌ನಿಂದ ಮಾರ್ಚ್. ಮಾರ್ಚ್ ಕೊನೆಯಲ್ಲಿ ಪೆಟ್ಟಿಗೆಯಲ್ಲಿ ದುಡ್ಡು ಕಂಡಿತೆಂದು ಲಾಭಾಂಶದ ಮಾತು ಎತ್ತಿದರೆ, ಮೂರೇ ತಿಂಗಳಿಗೆ ಗುತ್ತಿಗೆ ಕಂತು ಕಟ್ಟಲು ಸಾಲಕ್ಕೆ ಓಡಬೇಕಾಗುತ್ತದೆ. ಕಂತು ತಪ್ಪಿದ ಸಂಘ ಮುಂದಿನ ಸಲ ಆದ್ಯತೆ ಕೇಳಲು ಹೋದಾಗ ಹಳೆಯ ಬಾಕಿಯ ಕಾಗದ ಮೊದಲು ಮೇಜಿನ ಮೇಲೆ ಬರುತ್ತದೆ.

ಗುತ್ತಿಗೆ ಆದೇಶದ ಒಂದು ಪ್ರತಿ ಪ್ರತಿಯೊಬ್ಬ ನಿರ್ದೇಶಕರ ಮನೆಯಲ್ಲೂ ಇರಬೇಕು. ಕೆರೆಯ ವಿಸ್ತೀರ್ಣ, ಕಂತಿನ ಮೊತ್ತ, ಪ್ರತಿ ವರ್ಷ ಬಿಡಬೇಕಾದ ಮೀನುಮರಿಗಳ ಸಂಖ್ಯೆ, ಷರತ್ತುಗಳು ಎಲ್ಲ ಅದರಲ್ಲೇ ಇರುತ್ತವೆ. ಷರತ್ತುಗಳ ನಡುವೆ ಒಂದು ಸಾಲನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟುಕೊಳ್ಳಿ: ಕೆರೆಯನ್ನು ಒಳಗುತ್ತಿಗೆಗೆ ಕೊಡುವಂತಿಲ್ಲ. ನಾನು ನೋಡಿದ ಮಟ್ಟಿಗೆ ಸಂಘಗಳನ್ನು ಒಳಗಿನಿಂದ ತಿಂದು ಹಾಕುವುದು ಈ ಒಳಗುತ್ತಿಗೆಯೇ. ಹೆಸರು ಸಂಘದ್ದು, ಮೊಹರು ಸಂಘದ್ದು, ಕೆರೆ ಮಾತ್ರ ಹಣವಂತನೊಬ್ಬನದು. ಸದಸ್ಯರು ತಮ್ಮದೇ ಕೆರೆಯಲ್ಲಿ ಅವನ ಕೂಲಿಗಳಾಗಿ ಬಲೆ ಎಳೆಯುತ್ತಾರೆ.

ಮಹಾಸಭೆಯೇ ಯಜಮಾನ

ಸಹಕಾರ ಕನ್ನಡಿಗರಿಗೆ ಹೊರಗಿನಿಂದ ಬಂದು ಕಲಿಸಿದ ಪಾಠವಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘದಿಂದಲೇ ದೇಶದ ಕೃಷಿ ಸಹಕಾರದ ಕಥೆ ಶುರುವಾಗುತ್ತದೆ. ಕರಾವಳಿಯಲ್ಲಿ ಸಹಕಾರ ಕಾಯ್ದೆಯ ಹಂಗಿಲ್ಲದೆಯೇ ರಂಪಣಿ ಬಲೆಯ ಕೂಟಗಳು ಪಾಲಿನ ಲೆಕ್ಕದಲ್ಲಿ ನಡೆಯುತ್ತಿದ್ದವು. ಒಂದು ಬಲೆಗೆ ಹತ್ತಾರು ಮನೆಯವರು ಕೈ ಹಾಕುತ್ತಿದ್ದರು, ಬಂದ ಮೀನಿನಲ್ಲಿ ಎಲ್ಲರಿಗೂ ಪಾಲಿತ್ತು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದ ಮೇಲೆ ಆ ಕೂಟಗಳು ಕರಗಿದವು.

ಇವತ್ತಿನ ಕೆರೆ ಸಂಘಗಳಿಗೆ ಆಧಾರ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಮತ್ತು ಅದರಡಿ ನೋಂದಣಿಯಾದ ಸಂಘದ ಸ್ವಂತ ಬೈಲಾ. ಸದಸ್ಯನಾಗಲು ಯಾರು ಅರ್ಹರು, ಷೇರು ಎಷ್ಟು ರೂಪಾಯಿನದು, ಯಾವ ಯಾವ ಊರು ಸಂಘದ ಕಾರ್ಯವ್ಯಾಪ್ತಿಗೆ ಬರುತ್ತವೆ, ಸಭೆಗೆ ಕೋರಂ ಎಷ್ಟು ಎಂಬುದೆಲ್ಲ ಬೈಲಾದಲ್ಲಿದೆ. ಬಹುತೇಕ ಸದಸ್ಯರು ಅದನ್ನು ಕಣ್ಣಿನಿಂದ ನೋಡಿರುವುದೇ ಇಲ್ಲ. ಓದಲು ಬರದವರಿಗೆ ಒಂದು ಸಂಜೆ ಗಂಗಮ್ಮನ ಗುಡಿ ಜಗಲಿಯಲ್ಲಿ ಕೂತು ಮಕ್ಕಳ ಕೈಲಿ ಓದಿಸಿ. ಎರಡು ಗಂಟೆಯ ಕೆಲಸ, ಅಷ್ಟೆ.

ಒಂದು ಷೇರು ಇದ್ದವನಿಗೂ ಐವತ್ತು ಷೇರು ಇದ್ದವನಿಗೂ ಒಂದೇ ಮತ. ಇದು ಸಹಕಾರದ ಬುಡ. ಸದಸ್ಯರೆಲ್ಲ ಕೂಡುವ ಮಹಾಸಭೆ ಸಂಘದ ಯಜಮಾನ, ಆಡಳಿತ ಮಂಡಳಿ ಆ ಯಜಮಾನನ ಪರವಾಗಿ ಕೆಲಸ ನೋಡಿಕೊಳ್ಳುವ ತಂಡ. ಮಂಡಳಿಯ ಅವಧಿ ಐದು ವರ್ಷ, ನಿರ್ದೇಶಕರ ಸಂಖ್ಯೆ 21 ದಾಟುವಂತಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ, ಹಿಂದುಳಿದ ವರ್ಗಕ್ಕೆ ಸ್ಥಾನಗಳ ಮೀಸಲು ಇದೆ. ಚುನಾವಣೆಯನ್ನು ಸಂಘವೇ ತನಗೆ ಬೇಕಾದಂತೆ ಮಾಡಿಕೊಳ್ಳುವ ಹಾಗಿಲ್ಲ, ಅದು ರಾಜ್ಯದ ಸಹಕಾರ ಚುನಾವಣಾ ಪ್ರಾಧಿಕಾರದ ಉಸ್ತುವಾರಿಯಲ್ಲಿ ನಡೆಯುತ್ತದೆ.

ಅಧ್ಯಕ್ಷರು ಸಭೆ ನಡೆಸುತ್ತಾರೆ, ಮಂಡಳಿ ತೀರ್ಮಾನ ಮಾಡುತ್ತದೆ, ಕಾರ್ಯದರ್ಶಿ ಆ ತೀರ್ಮಾನವನ್ನು ಜಾರಿಗೆ ತಂದು ಲೆಕ್ಕ ಇಡುತ್ತಾರೆ. ಕಾಗದದಲ್ಲಿ ಇಷ್ಟು ಸರಳ. ನಡೆಯುವಾಗ ಈ ಗೆರೆಗಳು ಅಳಿಸಿಹೋಗುತ್ತವೆ. ಅಧ್ಯಕ್ಷರೇ ವ್ಯಾಪಾರಿಯ ಜತೆ ದರ ಮಾತಾಡಿಬಿಡುತ್ತಾರೆ, ಕಾರ್ಯದರ್ಶಿ ಖಾಲಿ ಚೆಕ್ಕಿಗೆ ಇಬ್ಬರ ಸಹಿಯನ್ನೂ ಮೊದಲೇ ಹಾಕಿಸಿಟ್ಟುಕೊಳ್ಳುತ್ತಾರೆ, ಠರಾವನ್ನು ತಿಂಗಳ ಮೇಲೆ ಮನೆ ಮನೆಗೆ ಹೋಗಿ ಸಹಿ ಮಾಡಿಸುತ್ತಾರೆ. ಇವುಗಳಲ್ಲಿ ಒಂದನ್ನೂ ‘ನಮ್ಮವರೇ ತಾನೆ’ ಎಂದು ಬಿಡಬಾರದು. ಠರಾವು ಸಭೆಯಲ್ಲೇ ಬರೆದು, ಅಲ್ಲೇ ಓದಿ, ಅಲ್ಲೇ ಸಹಿ ಆಗಬೇಕು. ಸಹಿಗಳ ಕೆಳಗೆ ಖಾಲಿ ಜಾಗ ಉಳಿದರೆ ಅಡ್ಡ ಗೆರೆ ಎಳೆಯಬೇಕು. ಆ ಜಾಗದಲ್ಲಿ ಆಮೇಲೆ ಏನು ಬೇಕಾದರೂ ಬರೆಯಬಹುದು ಎನ್ನುವುದನ್ನು ನಾನು ಕಂಡು ತಿಳಿದವನು.

ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ಆಗಬೇಕು. ಅಷ್ಟರಲ್ಲಿ ಹಿಂದಿನ ಸಾಲಿನ ಲೆಕ್ಕಪರಿಶೋಧನೆ ಮುಗಿದು ವರದಿ ಸದಸ್ಯರ ಮುಂದೆ ಬರಬೇಕು. ಸಾಲುಸಾಲಾಗಿ ಮಹಾಸಭೆಗಳಿಗೆ ತಪ್ಪಿಸಿಕೊಂಡವರ, ಬೈಲಾ ಹೇಳಿದಷ್ಟು ವ್ಯವಹಾರವನ್ನು ಸಂಘದೊಂದಿಗೆ ಮಾಡದವರ ಮತದಾನದ ಹಕ್ಕಿಗೆ ಕುತ್ತು ಬರುತ್ತದೆ. ಐದು ವರ್ಷಕ್ಕೊಮ್ಮೆ ಮತದಾರರ ಪಟ್ಟಿ ತೂಗು ಹಾಕಿದಾಗ ತಮ್ಮ ಹೆಸರಿಲ್ಲವೆಂದು ಜಗಳಕ್ಕೆ ಬರುವವರಲ್ಲಿ ಹೆಚ್ಚಿನವರು ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತದವರು. ಹೋದರೆ ಸಾಲದು, ಹಾಜರಿ ಹಾಕಬೇಕು. ಸಭೆಯ ನೋಟಿಸನ್ನು ಸಹಿ ಮಾಡಿ ತೆಗೆದುಕೊಂಡು ಮನೆಯಲ್ಲಿ ಜೋಪಾನ ಮಾಡಬೇಕು.

ಜುಲೈ ತಿಂಗಳ ದುಡ್ಡು

ಒಳಗುತ್ತಿಗೆ ಯಾಕೆ ಹುಟ್ಟುತ್ತದೆ? ಸದಸ್ಯರು ಸೋಮಾರಿಗಳೆಂದಲ್ಲ, ಮೋಸಗಾರರೆಂದೂ ಅಲ್ಲ. ಜುಲೈ, ಆಗಸ್ಟ್‌ನಲ್ಲಿ ಒಟ್ಟಿಗೆ ಎರಡು ಖರ್ಚು ಬರುತ್ತವೆ. ಗುತ್ತಿಗೆ ಕಂತು ಒಂದು, ಮೀನುಮರಿ ಇನ್ನೊಂದು. ಮಳೆಗಾಲದ ಆ ಹೊತ್ತಿನಲ್ಲಿ ಮೀನುಗಾರನ ಮನೆಯಲ್ಲಿ ಕಾಸಿರುವುದಿಲ್ಲ.

ಮರಿ ಬಿಡದೆ ಆಗುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್ ಹರಿಯುವ ನದಿಯಲ್ಲಿ ಮೊಟ್ಟೆ ಇಡುವ ಜಾತಿಗಳು, ನಿಂತ ಕೆರೆ ನೀರಿನಲ್ಲಿ ಸಂತಾನ ಬೆಳೆಸುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮರಿಗಳನ್ನು ಬೇಕಾದಷ್ಟು ಸಾಕಲು ಸಾಧ್ಯವಾದದ್ದು. ರಾಷ್ಟ್ರೀಯ ಮೀನು ಕೃಷಿಕರ ದಿನವನ್ನು ಆ ತಾರೀಖಿಗೇ ಆಚರಿಸುವುದು ಅದಕ್ಕಾಗಿ. ಕೆರೆಯಲ್ಲಿ ತಾನಾಗಿ ಹುಟ್ಟಿ ತುಂಬಿಕೊಳ್ಳುವುದು ಜಿಲೇಬಿ ಮೀನು, ಸಾಮಾನ್ಯ ಗೆಂಡೆ ಮತ್ತು ಕೆಲವು ನಾಡಮೀನುಗಳು. ಬೆಲೆ ಬಾಳುವ ಫಸಲು ಬೇಕೆಂದರೆ ವರ್ಷ ವರ್ಷ ಮರಿ ತಂದು ಬಿಡಲೇಬೇಕು.

ಅಂಥ ಹೊತ್ತಿಗೆ ವ್ಯಾಪಾರಿ ಬರುತ್ತಾನೆ. ‘ಕಂತು ನಾನು ಕಟ್ತೀನಿ, ಮರಿ ನಾನು ತರ್ತೀನಿ, ಮೀನು ನನಗೇ ಹಾಕಿ’ ಎನ್ನುತ್ತಾನೆ. ಕೇಳಲು ಉಪಕಾರದಂತೆಯೇ ಇರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಸಂಘದಲ್ಲಿ 80 ಸದಸ್ಯರು. ಕಂತು, ಮರಿ ಸೇರಿ ವ್ಯಾಪಾರಿ ಹಾಕಿದ್ದು ಎರಡು ಲಕ್ಷ ರೂಪಾಯಿ. ಪೇಟೆಯಲ್ಲಿ ಕಿಲೋಗೆ 120 ರೂಪಾಯಿ ಇರುವ ಮೀನನ್ನು ಅವನು 70 ರೂಪಾಯಿಗೆ ಎತ್ತುತ್ತಾನೆ. ವರ್ಷಕ್ಕೆ ಹತ್ತು ಟನ್ ಮೀನು ಎಂದಿಟ್ಟುಕೊಂಡರೆ ಸದಸ್ಯರು ಕಳೆದುಕೊಂಡದ್ದು ಐದು ಲಕ್ಷ. ಎರಡು ಲಕ್ಷದ ಕೈಸಾಲಕ್ಕೆ ಒಂದೇ ವರ್ಷದಲ್ಲಿ ಐದು ಲಕ್ಷ ತೆತ್ತ ಹಾಗಾಯಿತು. ಅದೇ ಎರಡು ಲಕ್ಷವನ್ನು 80 ಮಂದಿ ಹಂಚಿಕೊಂಡರೆ ತಲೆಗೆ 2,500 ರೂಪಾಯಿ.

ಒಂದೇ ಸಲ ಅಷ್ಟು ಹಾಕುವುದು ಬಡವರಿಗೆ ಭಾರ, ನಿಜ. ಅದಕ್ಕೆ ‘ಮರಿ ನಿಧಿ’ ಎಂಬ ಬೇರೆ ಖಾತೆ ಮಾಡಿ. ಮಾರಿದ ಪ್ರತಿ ಕಿಲೋ ಮೀನಿನಿಂದ ಐದು ರೂಪಾಯಿ ಆ ಖಾತೆಗೆ ಹೋಗಲಿ ಎಂದು ಮಹಾಸಭೆಯಲ್ಲೇ ಠರಾವು ಮಾಡಿ. ಹತ್ತು ಟನ್‌ಗೆ ವರ್ಷಕ್ಕೆ ಐವತ್ತು ಸಾವಿರ ಸೇರುತ್ತದೆ. ನಾಲ್ಕು ವರ್ಷದಲ್ಲಿ, ಅಂದರೆ ಒಂದು ಗುತ್ತಿಗೆ ಅವಧಿ ಮುಗಿಯುವುದರೊಳಗೆ, ಸಂಘ ಯಾರ ಮುಂದೆಯೂ ಕೈಯೊಡ್ಡದೆ ಮರಿ ತರಬಲ್ಲದು. ಈ ದುಡ್ಡನ್ನು ಬೇರೆ ಯಾವ ಖರ್ಚಿಗೂ ಮುಟ್ಟಬಾರದು ಎಂಬ ಮಾತೂ ಅದೇ ಠರಾವಿನಲ್ಲಿರಲಿ. ಅದರ ಜತೆಗೆ, 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಮೀನು ಸಾಕುವವರಿಗೂ ತೆರೆದಿದೆ. ಸದಸ್ಯರು ಬ್ಯಾಂಕಿಗೆ ಒಬ್ಬೊಬ್ಬರೇ ಅಲೆಯುವ ಬದಲು ಸಂಘದ ಮೂಲಕ ಅರ್ಜಿಗಳನ್ನು ಕಟ್ಟಾಗಿ ಕೊಡಿಸುವುದು ಕಾರ್ಯದರ್ಶಿಯ ಕೆಲಸದ ಭಾಗವಾಗಬೇಕು.

ಮರಿ ತರುವ ದಿನ ಇನ್ನೊಂದು ಬಗೆಯ ಎಚ್ಚರ ಬೇಕು. ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತವೆ. ಬಿಲ್ಲಿನಲ್ಲಿ ಇಷ್ಟು ಸಾವಿರ ಎಂದಿರುತ್ತದೆ, ಎಣಿಸಿದವರು ಯಾರೂ ಇರುವುದಿಲ್ಲ. ಸಂಘದ ಇಬ್ಬರು ಮರಿ ಕೇಂದ್ರಕ್ಕೇ ಹೋಗಬೇಕು. ಅಳೆಯುವ ಬಟ್ಟಲಿನಲ್ಲಿ ಒಂದು ಸಲ ತುಂಬಿದ ಮರಿಗಳನ್ನು ತಮ್ಮ ಕೈಯಾರೆ ಎಣಿಸಿ, ಎಷ್ಟು ಬಟ್ಟಲು ಹಾಕಿದರೆಂದು ಗುಣಿಸಿಕೊಳ್ಳಬೇಕು. ಹೋಗುವವರಲ್ಲಿ ಒಬ್ಬರು ಮಂಡಳಿಯ ಹೊರಗಿನ ಸಾಮಾನ್ಯ ಸದಸ್ಯರಾಗಿದ್ದರೆ ಊರಿನಲ್ಲಿ ಮಾತು ಹುಟ್ಟುವುದಿಲ್ಲ. ಅಗ್ಗವೆಂದು ನುಸಿಯಷ್ಟು ಸಣ್ಣ ಮರಿ ತರಬೇಡಿ, ದೊಡ್ಡ ಕೆರೆಯಲ್ಲಿ ಕೊರವ ಮೀನಿನ ಬಾಯಿಗೆ ಬಿದ್ದು ಮುಗಿದುಹೋಗುತ್ತವೆ. ಬೆರಳುದ್ದ ಬೆಳೆದ ಮರಿಯೇ ಆಗಬೇಕು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಬೆರೆಸಿ ಬಿಟ್ಟರೆ ಒಂದರ ಆಹಾರಕ್ಕೆ ಇನ್ನೊಂದು ಬಾಯಿ ಹಾಕುವುದಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲೇ ನಿಷೇಧವಿದೆ, ಯಾರು ಏನೇ ಆಸೆ ತೋರಿಸಿದರೂ ಕೆರೆಗೆ ಬಿಡಬಾರದು. ತಂಪು ಹೊತ್ತಿನಲ್ಲಿ ಚೀಲಗಳನ್ನು ಕಟ್ಟು ಬಿಚ್ಚದೆ ಹದಿನೈದಿಪ್ಪತ್ತು ನಿಮಿಷ ಕೆರೆ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರು ಒಂದೇ ತಂಪಿಗೆ ಬಂದ ಮೇಲೆ ಬಾಯಿ ತೆರೆಯಿರಿ. ಅಲ್ಲಿಯೇ, ಏರಿಯ ಮೇಲೆಯೇ, ಎಷ್ಟು ಚೀಲ, ಎಷ್ಟು ಮರಿ, ಯಾವ ಜಾತಿ, ಯಾರ್ಯಾರು ಇದ್ದರು ಎಂದು ಬರೆದು ಬಂದವರೆಲ್ಲ ಸಹಿ ಹಾಕಬೇಕು.

ಬೆಳಗಿನ ತೂಕ

ಮತ್ತೆ ಏರಿಗೆ ಬರೋಣ. ತೂಕದ ಯಂತ್ರ ಸಂಘದ್ದೇ ಆಗಿರಬೇಕು, ಅದಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು. ವ್ಯಾಪಾರಿಯ ತಕ್ಕಡಿಯಲ್ಲಿ ತೂಗಿದರೆ ಸಂಘದ ಅರ್ಧ ಆಡಳಿತ ಅವನ ಕೈಗೆ ಹೋದಂತೆ. ನೀರು ಸೋರುತ್ತದೆ, ಮೀನು ಒಣಗುತ್ತದೆ ಎಂಬ ನೆಪ ಹೇಳಿ ಹತ್ತು ಕಿಲೋಗೆ ಒಂದು ಕಿಲೋ ಸೂಟು ಹೊಡೆಯುವ ಚಾಳಿ ಹಲವು ಕಡೆ ಇದೆ. ಬುಟ್ಟಿಯ ತೂಕ ಕಳೆದ ಮೇಲೆ ಇನ್ನೇನನ್ನೂ ಕಳೆಯಬೇಕಾಗಿಲ್ಲ. ದಿನದ ದರವನ್ನು ಮಂಡಳಿ ಮೊದಲೇ ಗೊತ್ತು ಮಾಡಿ ಹಲಗೆಯ ಮೇಲೆ ಬರೆಯಲಿ. ಒಬ್ಬನೇ ವ್ಯಾಪಾರಿಯನ್ನು ನೆಚ್ಚುವ ಬದಲು ಇಬ್ಬರು ಮೂವರಿಂದ ದರ ಕೇಳಿ, ಸ್ವಲ್ಪ ಭಾಗವನ್ನು ಏರಿಯ ಮೇಲೆಯೇ ಊರವರಿಗೆ ಚಿಲ್ಲರೆಯಾಗಿ ಮಾರುವ ಸಂಘಗಳಿಗೆ ಒಳ್ಳೆಯ ಬೆಲೆ ಸಿಗುವುದನ್ನು ನಾನು ನೋಡಿದ್ದೇನೆ.

ನಮ್ಮಲ್ಲಿ ಬದಲಾವಣೆ ಬಂದದ್ದು ಮೂರು ಹಾಳೆಯ ರಸೀತಿ ಪುಸ್ತಕದಿಂದ. ಬಿಳಿ ಹಾಳೆ ಮೀನು ಹಿಡಿದವನಿಗೆ, ಗುಲಾಬಿ ವ್ಯಾಪಾರಿಗೆ, ಹಳದಿ ಪುಸ್ತಕದಲ್ಲೇ. ಹೆಸರು, ತೂಕ, ದರ, ಮೊತ್ತ, ಎರಡು ಸಹಿ. ಮೊದಲ ತಿಂಗಳು ‘ಇಷ್ಟು ಬರೆಯೋವಷ್ಟರಲ್ಲಿ ಮೀನು ಕೆಡುತ್ತೆ’ ಎಂದು ವ್ಯಾಪಾರಿ ಕೂಗಾಡಿದ. ಮಂಜುಗಡ್ಡೆ ಪೆಟ್ಟಿಗೆಯನ್ನು ಸಂಘವೇ ತಂದಿಟ್ಟಿತು. ಮೂರನೇ ತಿಂಗಳಿಗೆ ಓದು ಬರದ ಹಿರಿಯರೂ ತಮ್ಮ ಬಿಳಿ ಚೀಟಿಗಳನ್ನು ದಾರಕ್ಕೆ ಪೋಣಿಸಿ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ಮಹಾಸಭೆಗೆ ಅವರು ಆ ಮಾಲೆಯನ್ನೇ ಹಿಡಿದು ಬಂದರು. ಆ ವರ್ಷ ಕಚೇರಿಯ ಅಂಕಿಗೂ ಗೋಡೆಯ ಚೀಟಿಗೂ ತಾಳೆಯಾಯಿತು. ನನ್ನ ಲೆಕ್ಕದ ವರ್ಷಗಳಲ್ಲಿ ಅಷ್ಟು ನೆಮ್ಮದಿಯ ಸಭೆ ಇನ್ನೊಂದಿಲ್ಲ.

ಮಾರಿದ ಹಣದಲ್ಲಿ ಯಾರಿಗೆಷ್ಟು ಎನ್ನುವುದು ಸಂಘದಿಂದ ಸಂಘಕ್ಕೆ ಬೇರೆ. ನೂರು ಕಿಲೋ ಮೀನು 12,000 ರೂಪಾಯಿಗೆ ಹೋಯಿತು, ಹಿಡಿದವರಿಗೆ ನೂರಕ್ಕೆ ಅರವತ್ತು ಎಂದು ತೀರ್ಮಾನವಿದ್ದರೆ ಅವರಿಗೆ 7,200, ಸಂಘಕ್ಕೆ 4,800. ಸಂಘದ ಪಾಲಿನಿಂದ ಕಂತು, ಮರಿ, ಮಂಜುಗಡ್ಡೆ, ರಾತ್ರಿ ಕಾವಲುಗಾರನ ಸಂಬಳ ಹೋಗಬೇಕು. ಅರವತ್ತೋ ಎಪ್ಪತ್ತೋ, ಅದನ್ನು ಮಹಾಸಭೆ ವರ್ಷದ ಮೊದಲೇ ನಿರ್ಧರಿಸಬೇಕು. ನಡುವೆ ಬದಲಾಯಿಸುವ ಅಧಿಕಾರ ಅಧ್ಯಕ್ಷರಿಗಿರಬಾರದು. ವರ್ಷದ ಕೊನೆಗೆ ಉಳಿದ ನಿವ್ವಳ ಲಾಭದಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಆಪದ್ಧನ ನಿಧಿಗೆ ಕಾಯ್ದೆಯ ಪ್ರಕಾರ ಹೋಗಲೇಬೇಕು. ಲಾಭಾಂಶ ಹಂಚುವುದು ಅದರ ಆಮೇಲೆ.

ಬಲೆಯ ಶಿಸ್ತೂ ಆಡಳಿತದ್ದೇ ವಿಷಯ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರಷ್ಟು ಹಿಂದಿನಿಂದಲೇ ಅಪರಾಧ. ಒಳನಾಡಿನ ಮೀನುಗಾರಿಕೆಗೆಂದು ಕರ್ನಾಟಕವೇ 1996ರಲ್ಲಿ ಕಾಯ್ದೆ ಮಾಡಿದೆ. ಕಾನೂನಿಗಿಂತ ಹತ್ತಿರದ್ದು ಸಂಘದ ಸ್ವಂತ ಕಟ್ಟಳೆ: ಬಲೆಯ ಕಣ್ಣು ಇಷ್ಟಕ್ಕಿಂತ ಸಣ್ಣದಿರಬಾರದು, ಮರಿ ಬಿಟ್ಟ ಮೇಲೆ ಇಷ್ಟು ತಿಂಗಳು ಯಾರೂ ಬಲೆ ಹಾಕಬಾರದು, ಮುರಿದರೆ ಇಷ್ಟು ದಂಡ. ಈ ಕಟ್ಟಳೆ ನಿರ್ದೇಶಕರ ಅಳಿಯನಿಗೂ ಅಷ್ಟೇ ಬಿಗಿಯಾಗಿ ಅನ್ವಯವಾದ ಸಂಘದಲ್ಲಿ ದಂಡದ ಪುಸ್ತಕ ತುಂಬುವುದೇ ಇಲ್ಲ.

ಕೇಳುವ ದಾರಿಗಳು

ಲೆಕ್ಕ ಸರಿಯಿಲ್ಲವೆನಿಸಿದರೆ ಮೊದಲು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಸಂಘದೊಂದಿಗಿನ ತನ್ನ ವ್ಯವಹಾರದ ಪುಸ್ತಕ ನೋಡುವ ಹಕ್ಕು ಸದಸ್ಯನಿಗಿದೆ. ಬೈಲಾದಲ್ಲಿ ಹೇಳಿದಷ್ಟು ಸದಸ್ಯರು ಸಹಿ ಹಾಕಿ ಕೊಟ್ಟರೆ ವಿಶೇಷ ಮಹಾಸಭೆ ಕರೆಯಬೇಕಾಗುತ್ತದೆ. ಸದಸ್ಯನಿಗೂ ಸಂಘಕ್ಕೂ ನಡುವಿನ ವ್ಯಾಜ್ಯಕ್ಕೆ ಸಹಕಾರ ಕಾಯ್ದೆಯ 70ನೇ ಕಲಂ ಇದೆ, ಆಡಳಿತದ ಬಗ್ಗೆ ವಿಚಾರಣೆಗೆ 64ನೇ ಕಲಂ ಇದೆ. ಇವೆರಡಕ್ಕೂ ಹೋಗಬೇಕಾದ್ದು ಸಹಕಾರ ಇಲಾಖೆಯ ಸಹಾಯಕ ಅಥವಾ ಉಪನಿಬಂಧಕರ ಕಚೇರಿಗೆ. ಮೀನುಗಾರಿಕೆ ಇಲಾಖೆ ನೋಡಿಕೊಳ್ಳುವುದು ಕೆರೆ, ಗುತ್ತಿಗೆ, ಸಹಾಯಧನಗಳನ್ನು. ತಪ್ಪು ಬಾಗಿಲು ತಟ್ಟಿ ವರ್ಷ ಕಳೆದವರು ಬಹಳ ಮಂದಿ.

ಮಾಹಿತಿ ಹಕ್ಕಿನ ಅರ್ಜಿಯನ್ನು ನೇರವಾಗಿ ಸಂಘಕ್ಕೇ ಹಾಕುವವರಿದ್ದಾರೆ. ಸಹಕಾರ ಸಂಘಗಳು ಸಾಮಾನ್ಯವಾಗಿ ಆ ಕಾಯ್ದೆಯ ಸಾರ್ವಜನಿಕ ಪ್ರಾಧಿಕಾರಗಳಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ನಿಬಂಧಕರ ಕಚೇರಿಯಲ್ಲಿರುವ ಲೆಕ್ಕಪರಿಶೋಧನಾ ವರದಿಯ ಪ್ರತಿಯನ್ನು ಆ ಕಚೇರಿಯಿಂದ ಕೇಳಬಹುದು. ಆ ವರದಿಯ ಕೊನೆಯಲ್ಲಿ ಬರುವ ನ್ಯೂನತೆಗಳ ಪಟ್ಟಿಯನ್ನು ಮೊದಲು ಓದಿ. ಒಂದೇ ನ್ಯೂನತೆ ಮೂರು ವರ್ಷ ಸತತವಾಗಿ ಬಂದಿದ್ದರೆ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಅದೇ.

ಮೀನು ತೇಲಿದ ದಿನ

ಮೋಡ ಕವಿದ ದಿನಗಳ ಬೆನ್ನಿಗೆ, ಅಥವಾ ಚರಂಡಿ ನೀರು ನುಗ್ಗಿದ ಮೇಲೆ, ನಸುಕಿನಲ್ಲಿ ಕೆರೆ ನೀರಿನ ಆಮ್ಲಜನಕ ಕುಸಿಯುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಬೆಳಗಾಗುವಷ್ಟರಲ್ಲಿ ತೇಲುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ ಚಿತ್ರ ಹಲವರಿಗೆ ನೆನಪಿರಬಹುದು. ಅಂಥ ಬೆಳಿಗ್ಗೆ ಸಂಘದವರು ಮಾಡುವ ದೊಡ್ಡ ತಪ್ಪೆಂದರೆ ನಾಚಿಕೆಗೋ ಹೆದರಿಕೆಗೋ ಸತ್ತ ಮೀನನ್ನು ಬೇಗ ಹೂತುಬಿಡುವುದು. ಮೊದಲು ಫೋಟೊ ತೆಗೆಯಿರಿ. ಪಂಚಾಯಿತಿ, ಮೀನುಗಾರಿಕೆ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಆವತ್ತೇ ಬರೆದು ತಿಳಿಸಿ, ಅವರ ಮುಂದೆ ನೀರಿನ ಮಾದರಿ ತೆಗೆಸಿ, ಮಹಜರು ಬರೆಸಿ. ಮೀನು ಎಷ್ಟು ಸತ್ತಿತೆಂದು ತೂಗಿದ ಮೇಲೆ ಹೂಳಿ. ಕಂತಿನ ರಿಯಾಯಿತಿ ಕೇಳಲು, ಮಲಿನ ಮಾಡಿದವರ ಮೇಲೆ ದೂರು ಕೊಡಲು ಆ ಕಾಗದ ಬೇಕು. ಮರಿ ಬಿಟ್ಟ ದಿನ ಏರಿಯ ಮೇಲೆ ಬರೆದ ಪುಟ ಕೆಲಸಕ್ಕೆ ಬರುವುದೂ ಇಂಥ ದಿನವೇ. ಬಿಟ್ಟದ್ದಕ್ಕೆ ದಾಖಲೆ ಇಲ್ಲದವನು ಸತ್ತದ್ದಕ್ಕೆ ಪರಿಹಾರ ಕೇಳುವುದು ಹೇಗೆ?

ಮನುಷ್ಯರ ಜೀವವೂ ಕೆರೆಯಲ್ಲಿ ಹೋಗುತ್ತದೆ. ಹರಿಗೋಲು ಮಗುಚುತ್ತದೆ, ಬಲೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಸಾವಿಗೆ ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ ಐದು ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ ಎರಡೂವರೆ ಲಕ್ಷ, ಆಸ್ಪತ್ರೆ ಖರ್ಚಿಗೆ 25,000 ರೂಪಾಯಿವರೆಗೆ ಎಂದಿದೆ. ಮೀನುಗಾರ ಕೈಯಿಂದ ಕಂತು ಕಟ್ಟಬೇಕಾಗಿಲ್ಲ, ವಯಸ್ಸು 18ರಿಂದ 70ರೊಳಗಿದ್ದು ಹೆಸರು ಪಟ್ಟಿಯಲ್ಲಿರಬೇಕು. ಆ ಪಟ್ಟಿಯನ್ನು ಪ್ರತಿ ವರ್ಷ ಸಂಘದ ಬಾಗಿಲಿಗೆ ಅಂಟಿಸಬೇಕು. ನನ್ನ ಕಾಲದಲ್ಲಿ ಪಟ್ಟಿ ಕಳಿಸಿದೆವೆಂದುಕೊಂಡು ಸುಮ್ಮನಿದ್ದೆವು. ಮುಳುಗಿ ಸತ್ತವರೊಬ್ಬರ ಹೆಸರು ಅದರಲ್ಲಿ ಇರಲಿಲ್ಲ ಎಂದು ಗೊತ್ತಾದದ್ದು ಅವರ ತಿಥಿ ಕಳೆದ ಮೇಲೆ. ಆ ಮನೆಯ ಮುಂದೆ ಹಾಯುವಾಗ ಈಗಲೂ ತಲೆ ಎತ್ತಲಾಗುವುದಿಲ್ಲ.

ಅವಳ ಹೆಸರಿಗೂ ಒಂದು ಷೇರು

ಒಂದು ಮಹಾಸಭೆಯಲ್ಲಿ ಹಿಂದೆ ನಿಂತಿದ್ದ ಹಿರಿಯ ಹೆಂಗಸೊಬ್ಬರು ಕೇಳಿದ ಮಾತು: ‘ಬುಟ್ಟಿ ಹೊತ್ತು ಸಂತೇಲಿ ಮಾರೋಳು ನಾನು, ಸಾಲ ತೀರ್ಸೋಳು ನಾನು. ನನ್ ಹೆಸ್ರು ಯಾಕಿಲ್ಲ ಸ್ವಾಮಿ ಪುಸ್ತಕದಾಗೆ?’ ಸಭೆ ಸುಮ್ಮನಾಯಿತು. ಮೀನು ಹಿಡಿಯುವುದಷ್ಟೇ ಮೀನುಗಾರಿಕೆ ಎಂದು ನಾವೆಲ್ಲ ನಂಬಿದ್ದೆವು. ಬಲೆ ಹೆಣೆಯುವವರು, ಮೀನು ಉಜ್ಜಿ ಹಸನು ಮಾಡುವವರು, ತಲೆಯ ಮೇಲೆ ಹೊತ್ತು ಮೂರು ಊರು ಸುತ್ತಿ ಮಾರುವವರು ಲೆಕ್ಕದಲ್ಲೇ ಇರಲಿಲ್ಲ. ಮಂಡಳಿಯ ಮಹಿಳಾ ಸ್ಥಾನಗಳಲ್ಲಿ ಕೂರುತ್ತಿದ್ದವರು ನಿರ್ದೇಶಕರ ಮನೆಯವರು, ಅವರ ಸಹಿ ಮಾತ್ರ ಸಭೆಗೆ ಬರುತ್ತಿತ್ತು.

ದರದ ವಿಷಯ ಈ ಹೆಂಗಸರಷ್ಟು ಬಲ್ಲವರು ಯಾರಿದ್ದಾರೆ? ಯಾವ ಸಂತೆಯಲ್ಲಿ ಯಾವ ದಿನ ಯಾವ ಮೀನು ಎಷ್ಟಕ್ಕೆ ಹೋಗುತ್ತದೆ ಎನ್ನುವುದು ಅವರ ನಾಲಗೆಯ ತುದಿಯಲ್ಲಿದೆ. ಅವರು ಸದಸ್ಯರಾಗಿ ಸಭೆಯಲ್ಲಿ ಕೂತ ಮೇಲೆ ಪೇಟೆಗಿಂತ ತೀರಾ ಕಡಿಮೆ ದರಕ್ಕೆ ಒಪ್ಪಿಗೆ ಪಡೆಯುವುದು ಯಾವ ವ್ಯಾಪಾರಿಗೂ ಸುಲಭವಾಗಲಿಲ್ಲ. ಸೋಮವಾರದ ಸಂತೆಯ ದರ ಎಷ್ಟೆಂದು ಅವರು ಅಲ್ಲೇ ಎದ್ದು ಹೇಳುತ್ತಿದ್ದರು.

ಸದಸ್ಯರಾಗಲು ಸಂಘದ ಕಾರ್ಯವ್ಯಾಪ್ತಿಯಲ್ಲಿ ವಾಸವಿದ್ದು ಬೈಲಾ ಹೇಳುವ ಅರ್ಹತೆ ಇರಬೇಕು. ಅರ್ಜಿಯ ಜತೆಗೆ ಆಧಾರ್ ಪ್ರತಿ, ಫೋಟೊ, ಷೇರು ಹಣ, ಪ್ರವೇಶ ಶುಲ್ಕ ಕೊಟ್ಟು ಆವತ್ತೇ ರಸೀತಿ ಪಡೆಯಬೇಕು. ಮಂಡಳಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು ಸಹಾಯಕ ನಿಬಂಧಕರ ಕಚೇರಿಗೆ ಹೋಗಬಹುದು. ಅರ್ಜಿಯ ನಮೂನೆ ಕಾರ್ಯದರ್ಶಿಯ ಹತ್ತಿರ ಇರುತ್ತದೆ. ಇಲ್ಲ ಎಂದರೆ ಬಿಳಿ ಹಾಳೆಯಲ್ಲಿ ಬರೆದು ಕೊಡಿ.